ಲೇಸಿ ನಮ್ಮ ಮನೆಯಲ್ಲಿದ್ದಾಗ

1988, ನವೆಂಬರ್ 8, ಮಂಗಳವಾರ

ಇಪ್ಪತ್ತೈದು ನಿಮಿಷ ತಡ. ಕಚೇರಿಯವರು ಕೊಟ್ಟ ನೀಲಿ ಪುಸ್ತಕದಲ್ಲಿ ಬರೆದಾಯಿತು. ಆದರೂ ಸಿಟ್ಟು ಇಳಿದಿಲ್ಲ, ಅದಕ್ಕೆ ಇಲ್ಲೂ ಬರೆಯುತ್ತಿದ್ದೇನೆ.

ಹದಿನೈದು ತಿಂಗಳ ಕೂಸನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿಕೊಂಡು, ಗಾಳಿಗೆ ಹಿಮ ದಾರಿಯ ಮೇಲೆ ಹಾವಿನಂತೆ ಹರಿಯುತ್ತಿರುವಾಗ, ನಲವತ್ತು ಮೈಲಿ ಓಡಿಸಿ ನಾನು ಹತ್ತು ಗಂಟೆಗೆ ಸರಿಯಾಗಿ ಕೌಂಟಿಯ ಮಕ್ಕಳ ಕಲ್ಯಾಣ ಕಚೇರಿಯಲ್ಲಿರುತ್ತೇನೆ. ಆ ಹುಡುಗಿ ಬರುವುದು ಹದಿನೈದು ಮೈಲಿಯಿಂದ. ಮಂಗಳವಾರ, ಶುಕ್ರವಾರ, ವಾರಕ್ಕೆ ಎರಡು ಗಂಟೆ ತನ್ನ ಮಗುವನ್ನು ನೋಡಲು ಬರುವುದಕ್ಕೂ ಅವಳಿಗೆ ಗಡಿಯಾರ ಕಾಣುವುದಿಲ್ಲ.

ಬಂದವಳು ಕೈ ಚಾಚಿದಳು. ಲೇಸಿ ನನ್ನ ಕುತ್ತಿಗೆ ತಬ್ಬಿಕೊಂಡು ಕಿರುಚಿದಳು. ನನಗೆ ಹಿತವಾಯಿತು. ಇದನ್ನು ನೀಲಿ ಪುಸ್ತಕದಲ್ಲಿ ಬರೆದಿಲ್ಲ.

ನವೆಂಬರ್ 13, ಭಾನುವಾರ

ಆರಾಧನೆಯಲ್ಲಿ ಪಾಸ್ಟರ್ ನೈಗಾರ್ಡ್ ಲೇಸಿಗಾಗಿ ಪ್ರಾರ್ಥಿಸಿದರು. "ಅವಳ ತಾಯಿಗಾಗಿಯೂ" ಎಂದರು. ಆಗ ನಾನು ಲೇಸಿಯ ಟೋಪಿಯ ದಾರ ಕಟ್ಟುತ್ತಿದ್ದೆ. ಕಟ್ಟುವ ಅಗತ್ಯವೇನೂ ಇರಲಿಲ್ಲ.

ಊಟಕ್ಕೆ ಅಲ್ಮಾ ಅತ್ತೆ ಬಂದಿದ್ದರು. ನನ್ನ ಗಂಡ ಆರಿನ್‌ನ ತಂದೆಯ ತಂಗಿ, ಎಂಬತ್ತೊಂದು ವರ್ಷ. ಕಣ್ಣು ಮಾತ್ರ ಹದ್ದಿನದು. ನಾನು ಮಾಂಸ ಹೆಚ್ಚುತ್ತಿದ್ದಾಗ ಯಾರನ್ನೂ ಕೇಳದೆ ನೀಲಿ ಪುಸ್ತಕ ತೆರೆದುಬಿಟ್ಟಿದ್ದಾರೆ.

"ಏನಿದು ವರ್ನಾ, ಸ್ಟೇಷನ್ ಮಾಸ್ತರ ಕೆಲಸ ಹಿಡಿದಿದೀಯಾ? ಹತ್ತು ನಿಮಿಷ ಲೇಟು, ಇಪ್ಪತ್ತು ನಿಮಿಷ ಲೇಟು..."

"ಭೇಟಿ ಹೇಗಾಯ್ತು ಅಂತ ಬರೀರಿ ಅಂದಿದಾರೆ ಅತ್ತೆ. ಜಡ್ಜು ನೋಡ್ತಾರೆ."

"ಲೇಟಾಗಿದ್ದಷ್ಟೇ ಬರೀರಿ ಅಂದ್ರಾ? ಆ ಹುಡುಗಿ ಒಂದಿನಾನೂ ಹೊತ್ತಿಗೆ ಬಂದಿಲ್ವಾ?"

ಬಂದಿದ್ದಳು. ಅಕ್ಟೋಬರಿನಲ್ಲಿ ಮೂರು ದಿನ. ನಾನು ಮಾಂಸದ ತಟ್ಟೆ ಮೇಜಿಗೆ ತಂದಿಟ್ಟೆ. ಆರಿನ್ ಆಲೂಗಡ್ಡೆ ಬಡಿಸಿಕೊಂಡು, "ಅತ್ತೆ, ನಿಮ್ಮನ್ನ ಆ ಕಚೇರೀಲಿ ಕೂರಿಸ್ಬೇಕಿತ್ತು" ಎಂದ. ಲೇಸಿ ಯಾಕೋ ನಕ್ಕಳು, ಎಲ್ಲರೂ ನಕ್ಕೆವು, ಮಾತು ಅಲ್ಲಿಗೆ ನಿಂತಿತು.

ಮೇ ತಿಂಗಳಲ್ಲಿ ಸಾಕು ತಂದೆತಾಯಿಯಾಗಲು ಸಹಿ ಹಾಕುವ ಮುಂಚೆ ನಾವಿಬ್ಬರೂ ಮಂಡಿಯೂರಿದ್ದೆವು. ಮಗುವನ್ನು ನಮ್ಮದೆಂಬಂತೆ ಸಾಕುತ್ತೇವೆ, ತಾಯಿಯ ಬಳಿಗೆ ಮರಳಲು ನೆರವಾಗುತ್ತೇವೆ ಎಂದು ಕಾಗದದಲ್ಲಿತ್ತು. ಕರ್ತನಿಗೂ ಹಾಗೆಯೇ ಹೇಳಿದ್ದೆವು. ಆಗ ಲೇಸಿಯನ್ನು ನೋಡಿರಲಿಲ್ಲ. ಮಾರನೆಯ ದಿನ ಶೆರಿಫ್ ಎತ್ತಿಕೊಂಡು ಬಂದ. ಒಂಬತ್ತು ತಿಂಗಳ ಮಗು, ಮೈಯೆಲ್ಲ ಒರೆಸದ ಹಾಲಿನ ವಾಸನೆ. ತಾಯಿ ಕುಡಿದು ಟ್ರೇಲರ್ ಮನೆಯ ನೆಲದ ಮೇಲೆ ಬಿದ್ದಿದ್ದಳಂತೆ.

ಬೆಳಿಗ್ಗೆಯ ಪ್ರಾರ್ಥನೆಯಲ್ಲಿ ದಿನವೂ ತಾಳ್ಮೆ ಕೇಳುತ್ತೇನೆ. ಯಾವುದಕ್ಕಾಗಿ ಕಾಯುತ್ತಿದ್ದೇನೆಂದು ಮಾತ್ರ ಅವನಿಗೆ ಹೇಳುವುದಿಲ್ಲ.

ನವೆಂಬರ್ 22, ಮಂಗಳವಾರ

ಆ ಹುಡುಗಿ ಇಂದು ಹತ್ತು ನಿಮಿಷ ಮುಂಚೆಯೇ ಬಂದು ಕೂತಿದ್ದಳು. ಬರೆದಿದ್ದೇನೆ. ಅಲ್ಮಾ ಅತ್ತೆಗಾಗಿ.

ಮಗುವಿಗೆ ಕೆಂಪು ಕೈಗವಸು ತಂದಿದ್ದಳು. ತೀರಾ ಚಿಕ್ಕವು, ಆರು ತಿಂಗಳ ಮಗುವಿನವು. ಹೆಬ್ಬೆರಳು ತೂರಿಸಲು ಒದ್ದಾಡಿ, ಕೊನೆಗೆ ತನ್ನ ಜೇಬಿಗೆ ಹಾಕಿಕೊಂಡಳು. "ಬೆಳೆದ್ಬಿಟ್ಟಿದಾಳೆ" ಎಂದಳು, ನನ್ನ ಕಡೆ ನೋಡದೆ. ಯಾವ ಅಳತೆ ಬೇಕೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಡಿಸೆಂಬರ್ 4, ಭಾನುವಾರ

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೆಯ ಮೇಣದಬತ್ತಿ ಹಚ್ಚಿದೆವು.

ಲೇಸಿ ನನ್ನನ್ನು ಅಮ್ಮ ಎಂದಳು. ಅಡುಗೆಮನೆಯ ನೆಲದ ಮೇಲೆ ಪಾತ್ರೆ ಬಡಿಯುತ್ತಿದ್ದವಳು ತಲೆಯೆತ್ತಿ, ಎಷ್ಟೋ ದಿನದಿಂದ ಹಾಗೆಯೇ ಕರೆಯುತ್ತಿದ್ದವಳಂತೆ ಕರೆದಳು. "ವರ್ನಾ" ಎಂದು ತಿದ್ದಬೇಕು. ಕಚೇರಿಯ ಮಿಸೆಸ್ ಕಿಟಲ್‌ಸನ್ ಮೊದಲ ದಿನವೇ ಹೇಳಿಕೊಟ್ಟ ನಿಯಮ ಅದು. ನಾನು ತಿದ್ದಲಿಲ್ಲ. ಮತ್ತೆ ಕರೆಯಲಿ ಎಂದು ಅವಳಿಂದ ಚಮಚ ಕಿತ್ತುಕೊಂಡೆ. ಮತ್ತೆ ಕರೆದಳು. ಮೂರನೆಯ ಸಲಕ್ಕೆ "ವರ್ನಾ ಅನ್ನು" ಎಂದೆ. ಅವಳು ಬಾಯಿ ತೆರೆದು ನನ್ನ ತುಟಿಯನ್ನೇ ನೋಡಿದಳು.

ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಮೂರು ಸಲ ಬಸುರಾದೆ. ಒಂದೂ ನಾಲ್ಕು ತಿಂಗಳು ದಾಟಲಿಲ್ಲ. ಆ ಪದವನ್ನು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ನಾನೇ ಕೈಯಾರೆ ಒರೆಸಬೇಕೆ?

ಡಿಸೆಂಬರ್ 13, ಮಂಗಳವಾರ

ಮಿಸೆಸ್ ಕಿಟಲ್‌ಸನ್ ಕಾರಿನವರೆಗೆ ಬಂದು ಹೇಳಿದರು. ಆ ಹುಡುಗಿ ಮುಂಚಿತವಾಗಿ ತಿಳಿಸದೆ ಭೇಟಿ ತಪ್ಪಿಸಿದ್ದು ಬೇಸಿಗೆಯಲ್ಲೇ ಎರಡು ಸಲ ಆಗಿದೆ. ಮೂರನೆಯದಾದರೆ ಜಡ್ಜಿನ ಮುಂದೆ ಹೋಗುತ್ತದಂತೆ. ಬಹುಶಃ ಆಮೇಲೆ ನಮ್ಮನ್ನು ಕೇಳುತ್ತಾರೆ, ಕಾಯಂ ಆಗಿ ಇಟ್ಟುಕೊಳ್ಳುತ್ತೀರಾ ಎಂದು.

ಆರಿನ್‌ಗೆ ಹೇಳಿದೆ. ಹಿಮ ತಳ್ಳುವ ಗಾಡಿ ಓಡಿಸಿ ಬಂದವನು ಬೂಟು ಬಿಚ್ಚುತ್ತ ಅಲ್ಲೇ ಕೂತುಬಿಟ್ಟ. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ.

ಡಿಸೆಂಬರ್ 16, ಶುಕ್ರವಾರ

ನಾನು ಇಂದು ಮಾಡಿದ್ದನ್ನು ಬರೆಯಬೇಕು.

ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಆ ಹುಡುಗಿ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಿಂದ ಮಾತಾಡುತ್ತಿದ್ದಳು. ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು.

"ಮಿಸೆಸ್ ಟಾಲೆಫ್‌ಸನ್, ಕಾರು ಸ್ಟಾರ್ಟ್ ಆಗ್ತಿಲ್ಲ. ಇಲ್ಲೀತನಕ ನಡ್ಕೊಂಡೇ ಬಂದೆ. ಕಚೇರಿ ಫೋನ್ ಯಾರೂ ಎತ್ತುತ್ತಿಲ್ಲ, ಇನ್ನೂ ತೆಗೆದಿಲ್ಲ ಅನ್ಸತ್ತೆ. ನನ್ನ ಹತ್ರ ಚಿಲ್ಲರೇನೂ ಇಷ್ಟೇ ಇರೋದು. ನೀವು ಅವ್ರಿಗೆ ಹೇಳ್ತೀರಾ? ದಯವಿಟ್ಟು ಹೇಳ್ತೀರಾ?"

"ಹೇಳ್ತೀನಿ" ಎಂದೆ.

ಕಚೇರಿಗೆ ಫೋನ್ ಮಾಡಲಿಲ್ಲ. ಪಾತ್ರೆ ತೊಳೆದೆ. ಲೇಸಿಗೆ ಎರಡು ಪದರ ಬಟ್ಟೆ ತೊಡಿಸಿದೆ. ಹತ್ತು ಗಂಟೆಗೆ ಸರಿಯಾಗಿ ಕಚೇರಿಗೆ ಹೋಗಿ, ಏನೂ ತಿಳಿಯದವಳಂತೆ ಕೂತೆ. ದಾರಿಯುದ್ದಕ್ಕೂ ನನ್ನೊಳಗೆ ಒಂದು ಮಾತು ಓಡುತ್ತಿತ್ತು: ನಾನು ಸುಳ್ಳು ಹೇಳುತ್ತಿಲ್ಲ, ಸುಮ್ಮನಿದ್ದೇನೆ ಅಷ್ಟೆ.

ಹತ್ತೂವರೆಗೆ ಮಿಸೆಸ್ ಕಿಟಲ್‌ಸನ್ ಕಡತ ತೆರೆದರು. "ಮೂರನೇದು" ಎಂದರು. ಅವರಿಗೂ ಬೇಸರವಾಗಿತ್ತು. ಪೆನ್ನಿನ ಮುಚ್ಚಳ ತೆಗೆದರು. ಲೇಸಿ ನನ್ನ ಕೋಟಿನ ಗುಂಡಿ ಬಾಯಿಗೆ ಹಾಕಿಕೊಂಡಿದ್ದಳು. ಇನ್ನು ಒಂದು ಗೆರೆ ಬರೆದರೆ ಇವಳು ನನ್ನವಳು ಎನಿಸಿತು. ಆ ಯೋಚನೆ ಸಂತೋಷ ತರಬೇಕಿತ್ತು. ತರಲಿಲ್ಲ. ಲೇಸಿಯ ಬಾಯಿಂದ ಗುಂಡಿ ಬಿಡಿಸಿದೆ.

"ಅವಳು ಫೋನ್ ಮಾಡಿದ್ಲು" ಎಂದೆ.

"ಯಾವಾಗ?"

"ಎಂಟೂವರೆಗೆ. ಕಾರು ಕೆಟ್ಟಿದೆ. ನಿಮಗೆ ಹೇಳಿ ಅಂದಿದ್ಲು. ನಾನು ಹೇಳ್ಲಿಲ್ಲ."

ಮಿಸೆಸ್ ಕಿಟಲ್‌ಸನ್ ಕಡತವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಏನೋ ಬರೆದುಕೊಂಡರು. ಏನೆಂದು ಕೇಳುವ ಧೈರ್ಯ ಬರಲಿಲ್ಲ.

ಡಿಸೆಂಬರ್ 17, ಶನಿವಾರ

ಆರಿನ್‌ಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದ. ಆದರೆ ನಾನು ಅಂದುಕೊಂಡ ಕಾರಣಕ್ಕಲ್ಲ.

"ಸುಮ್ನಿದ್ದಿದ್ರೆ ಆಗ್ತಿತ್ತಲ್ಲ ವರ್ನಾ! ಎರಡು ಗಂಟೆ ಸುಮ್ನಿದ್ದೆ, ಇನ್ನೊಂದು ನಿಮಿಷ ಇರಕ್ಕಾಗ್ಲಿಲ್ವಾ ನಿಂಗೆ?"

ಜೋರಾಗಿ ಹೇಳಿದ. ಲೇಸಿ ಹೆದರಿ ಅತ್ತಳು. ಅವನು ಕೋಟು ಹಾಕಿಕೊಂಡು ಕೊಟ್ಟಿಗೆಯ ಕಡೆ ಹೋದ. ಊಟಕ್ಕೆ ಕರೆಯಲು ಹೋದಾಗ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ, ಕಣ್ಣು ಕೆಂಪಾಗಿತ್ತು. "ಚಳಿಗೆ" ಎಂದ. ನಾನು ಹೂಂ ಎಂದೆ.

ಡಿಸೆಂಬರ್ 24, ಶನಿವಾರ

ಆಲೂಗಡ್ಡೆ ಬೇಯಿಸಿ ಲೆಫ್ಸೆ ರೊಟ್ಟಿ ಲಟ್ಟಿಸಿದೆ, ಮೂವತ್ತು ಹಾಳೆ. ಬೆಳಿಗ್ಗೆ ಹೋದ ಆರಿನ್ ಮಧ್ಯಾಹ್ನವಾದರೂ ಪತ್ತೆಯಿರಲಿಲ್ಲ. ಬಂದ ಮೇಲೆ ಕೇಳಿದರೆ, ಲೇಸಿಯ ತಾಯಿಯ ಕಾರಿಗೆ ಬ್ಯಾಟರಿ ಹಾಕಿಕೊಟ್ಟು ಬಂದೆ ಎನ್ನುತ್ತಾನೆ.

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ. ಕೊಟ್ಟಿಗೇಲಿ ಒಂದು ಬಿದ್ದಿತ್ತು." ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ಆ ಟ್ರೇಲರ್ ಒಳಗೆ ಫ್ರಿಜ್ಜಿಗಿಂತ ಚಳಿ ಕಣೇ" ಎಂದ.

ಲೆಫ್ಸೆ ಹತ್ತು ಹಾಳೆ ಕಟ್ಟಿಕೊಟ್ಟು ಅವನನ್ನೇ ಮತ್ತೆ ಓಡಿಸಿದೆ. ಮೂವತ್ತು ನಾವಾದರೂ ಎಲ್ಲಿ ತಿನ್ನುತ್ತೇವೆ.

1989, ಜನವರಿ 10, ಮಂಗಳವಾರ

ಲೇಸಿಯ ತಾಯಿಗೆ, ರೋಂಡಾಗೆ, ವಿಷಯ ಗೊತ್ತಾಗಿದೆ. ಮಿಸೆಸ್ ಕಿಟಲ್‌ಸನ್ ಹೇಳಲೇಬೇಕಿತ್ತಂತೆ. ನಾನು ಲೇಸಿಯ ಬೂಟು ಬಿಚ್ಚುತ್ತಿದ್ದಾಗ ಎದುರು ಬಂದು ನಿಂತಳು. ಇಪ್ಪತ್ತೆರಡು ವರ್ಷ ಅವಳಿಗೆ. ಹತ್ತಿರದಿಂದ ನೋಡಿದರೆ ಇನ್ನೂ ಚಿಕ್ಕವಳು.

"ಹೇಳ್ತೀನಿ ಅಂದಿದ್ರಿ ನೀವು."

"ಅಂದಿದ್ದೆ. ಹೇಳ್ಲಿಲ್ಲ. ತಪ್ಪು ಮಾಡಿದೆ. ನನ್ನ ಕ್ಷಮಿಸು."

ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು.

"ಕೊನೆಗೆ ಹೇಳಿದ್ರಲ್ಲ" ಎಂದಳು. "ನಮ್ಮಮ್ಮ ಆಗಿದ್ರೆ ಕೊನೇಗೂ ಹೇಳ್ತಿರ್ಲಿಲ್ಲ." ಆಮೇಲೆ ಮಗುವಿನ ಕಡೆ ತಿರುಗಿ, "ಆ ರೊಟ್ಟಿ ಚೆನ್ನಾಗಿತ್ತು. ಒಂದೇ ದಿನಕ್ಕೆ ಹತ್ತೂ ತಿಂದ್ಬಿಟ್ಟೆ" ಎಂದಳು.

ಮಗು ಏನು ತಿನ್ನುತ್ತದೆ ಎಂದು ಕೇಳಿದಳು. ಬಟಾಣಿ ತಿನ್ನುವುದಿಲ್ಲ, ಉಗಿಯುತ್ತದೆ, ಓಟ್ಸ್ ಗಟ್ಟಿಯಾಗಿರಬೇಕು, ಬಟ್ಟೆ ಎರಡು ವರ್ಷದ ಅಳತೆಯದೇ ತಗೋ ಎಂದೆ. ಅವಳು ಅಂಗೈ ಮೇಲೆ ಬರೆದುಕೊಂಡಳು. ಕಾಗದ ಕೊಟ್ಟೆ.

ಜನವರಿ 31, ಮಂಗಳವಾರ

ಶೂನ್ಯಕ್ಕಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಹೋಗಬೇಡ ಎಂದು ಆರಿನ್ ಹೇಳಿದ. ಹೋದೆ. ರೋಂಡಾ ಬಾಗಿಲಲ್ಲೇ ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಸೀದಾ ಬಂದಿದ್ದಳು, ಕೈಯೆಲ್ಲ ಸೋಪಿಗೆ ಬಿರಿದಿದೆ. ಕುಡಿತ ಬಿಟ್ಟು ಇಂದಿಗೆ ನೂರ ಐವತ್ತು ದಿನವಂತೆ. ನಾನು ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ತಂದುಕೊಡುತ್ತೇನೆ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಿಜವಾಗಿಯೇ ಹೇಳಿದ್ದು.

ಲೇಸಿ ಅವಳನ್ನು ಕಂಡು ಅವಳತ್ತ ಓಡಿದಳು.

ಓಡಿದಳು ಎಂದು ಬರೆಯಲು ಹತ್ತು ನಿಮಿಷ ಹಿಡಿಯಿತು. ನೀಲಿ ಪುಸ್ತಕದಲ್ಲಿ ಇನ್ನೂ ಹೆಚ್ಚು.

ಫೆಬ್ರವರಿ 17, ಶುಕ್ರವಾರ

ಭೇಟಿ ಈಗ ರೋಂಡಾಳ ಹೊಸ ಮನೆಯಲ್ಲಿ. ಕಚೇರಿ ಇರುವ ಊರಿನಲ್ಲೇ, ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡು ಕೋಣೆ. ಶಾಖ ಚೆನ್ನಾಗಿದೆ. ನಾನು ಬಿಟ್ಟು ಹೊರಡಬೇಕು, ಎರಡು ಗಂಟೆಯ ನಂತರ ಬರಬೇಕು. ಕಾರಿನಲ್ಲಿ ಕೂತು ಸತ್ಯವೇದ ತೆರೆದೆ. ಒಂದು ಪುಟವೂ ಮುಂದೆ ಹೋಗಲಿಲ್ಲ. ಮೇಲಿನ ಕಿಟಕಿಯಲ್ಲಿ ಅವಳ ನೆರಳು ಮಗುವನ್ನು ಎತ್ತಿ ಇಳಿಸಿ ಆಡಿಸುತ್ತಿತ್ತು.

ಭಾನುವಾರ ಆರಾಧನೆಗೆ ಬಾ ಎಂದೆ.

"ನೀವು ಏನ್ ಬೇಕಾದ್ರೂ ಕೇಳಿ ವರ್ನಾ, ಚರ್ಚಿಗೆ ಮಾತ್ರ ಕರೀಬೇಡಿ. ಎಲ್ರೂ ಕತ್ತು ತಿರುಗಿಸಿ ನನ್ನೇ ನೋಡ್ತಾರೆ."

"ಅಲ್ಮಾ ಅತ್ತೆ ಒಬ್ರೇ ನೋಡೋದು. ಅವ್ರು ಎಲ್ರನ್ನೂ ನೋಡ್ತಾರೆ."

ಬರುವುದಿಲ್ಲ ಎಂದಳು. ಇನ್ನೊಮ್ಮೆ ಕರೆಯುತ್ತೇನೆ.

ಮಾರ್ಚ್ 3, ಶುಕ್ರವಾರ

ಲೇಸಿ ಮೊದಲ ಸಲ ಎರಡು ರಾತ್ರಿಗೆ ರೋಂಡಾಳ ಮನೆಯಲ್ಲಿ ಉಳಿದಿದ್ದಾಳೆ. ನಮ್ಮ ಮನೆಯಲ್ಲಿ ಬರೀ ಫ್ರಿಜ್ಜಿನ ಸದ್ದು.

ಮಾರ್ಚ್ 21, ಮಂಗಳವಾರ

ಜಡ್ಜಿನ ಮುಂದೆ ಹೋಗಿದ್ದೆವು. ನೀಲಿ ಪುಸ್ತಕ ಅವರ ಮೇಜಿನ ಮೇಲಿತ್ತು. ಕನ್ನಡಕ ಇಳಿಸಿ ನನ್ನನ್ನು ಕೇಳಿದರು, "ಮಿಸೆಸ್ ಟಾಲೆಫ್‌ಸನ್, ಮಗೂನ ದಿನಾ ನೋಡಿರೋರು ನೀವು. ನಿಮಗೇನನ್ಸುತ್ತೆ?"

ಒಂದೇ ಬೆಂಚಿನಲ್ಲಿ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ರೋಂಡಾ. ಅವಳು ನನ್ನ ಕಡೆ ನೋಡಲಿಲ್ಲ. ಎರಡೂ ಕೈ ತೊಡೆಗಳ ಕೆಳಗೆ ಇಟ್ಟುಕೊಂಡಿದ್ದಳು, ಶಾಲೆಯ ಹುಡುಗಿಯ ಹಾಗೆ.

ಹೇಳಬಹುದಾದ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು. ಇನ್ನೂ ಆರು ತಿಂಗಳು ನೋಡೋಣ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ಯಾರೂ ತಪ್ಪೆನ್ನುತ್ತಿರಲಿಲ್ಲ.

"ಹೇಳಿದ ಹೊತ್ತಿಗೆ ಬರ್ತಾಳೆ" ಎಂದೆ. "ಮಗು ಅವಳನ್ನ ಕಂಡ್ರೆ ಅವಳ ಹತ್ರ ಓಡುತ್ತೆ. ಅವಳಿಗೆ ಗೊತ್ತಿಲ್ಲದ್ದನ್ನ ಕೇಳ್ತಾಳೆ. ನನಗೆ ಅಷ್ಟು ಕೇಳಕ್ಕೆ ಬರ್ತಿರ್ಲಿಲ್ಲ."

ಏಪ್ರಿಲ್ ಏಳಕ್ಕೆ ಮಗು ಮನೆಗೆ ಹೋಗಲಿ ಎಂದರು. ಮನೆ ಎಂದರು ಅವರು.

ಮಾರ್ಚ್ 24, ಶುಭ ಶುಕ್ರವಾರ

ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುವಾಗ, ನಿನ್ನ ಚಿತ್ತ ನೆರವೇರಲಿ ಎನ್ನುವಲ್ಲಿಗೆ ಬಂದು ನನ್ನ ಬಾಯಿ ಕಟ್ಟಿತು. ಸಭೆ ಮುಂದೆ ಹೋಯಿತು. ನಾನು ಅಲ್ಲೇ ಉಳಿದೆ. ಅಲ್ಮಾ ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಹೊರಗೆ ಬಂದ ಮೇಲೆ, "ನಾನು ವಿಧೇಯಳಾಗಿಲ್ಲ ಅತ್ತೆ. ಒಳಗೆ ಕ್ಷಣಕ್ಷಣಾನೂ ಬೇಡ ಬೇಡ ಅಂತಿದೀನಿ" ಎಂದೆ.

"ಬಾಯಲ್ಲಿ ಬೇಡ ಅಂತೀಯ, ಕೈಯಲ್ಲಿ ಮಗೂ ಬಟ್ಟೆ ಮಡಿಸ್ತಿದೀಯ" ಎಂದರು ಅತ್ತೆ. "ದೇವ್ರು ಯಾವ್ದು ನೋಡ್ತಾನೋ ನಂಗೇನು ಗೊತ್ತು. ನಾನಾಗಿದ್ರೆ ಕೈ ನೋಡ್ತಿದ್ದೆ. ಕಾರಿನ ಬಾಗಿಲು ತೆಗಿ, ಕಾಲು ಹೆಪ್ಪುಗಟ್ಟಿದೆ."

ಏಪ್ರಿಲ್ 7, ಶುಕ್ರವಾರ

ಹೋದಳು.

ಎರಡು ಪೆಟ್ಟಿಗೆ ಬಟ್ಟೆ, ಊಟದ ಎತ್ತರದ ಕುರ್ಚಿ, ಆರಿನ್ ಮಾಡಿಕೊಟ್ಟ ಮರದ ದನ. ಆರಿನ್ ಕುರ್ಚಿಯ ಪ್ರತಿ ತಿರುಪನ್ನೂ ಬಿಗಿದ, ಮತ್ತೆ ಬಿಗಿದ. "ಅಲ್ಲಾಡಬಾರ್ದು" ಎಂದು ನಾಲ್ಕು ಸಲ ಹೇಳಿದ. ರೋಂಡಾ ನಾಲ್ಕು ಸಲವೂ "ಇಲ್ಲ, ಅಲ್ಲಾಡಲ್ಲ" ಎಂದಳು.

ನಾನೂ ಹತ್ತುತ್ತೇನೆ ಎಂದುಕೊಂಡು ಲೇಸಿ ಕಾರಿನೊಳಗಿಂದ ಪಕ್ಕದ ಸೀಟು ತಟ್ಟುತ್ತಿದ್ದಳು. ಕಾರು ಹೊರಟ ಮೇಲೂ ತಟ್ಟುತ್ತಿದ್ದಳು.

ಏಪ್ರಿಲ್ 9, ಭಾನುವಾರ

ಆರಾಧನೆಗೆ ಹೋದೆವು. ಬಂದೆವು.

ಏಪ್ರಿಲ್ 12, ಬುಧವಾರ

ಸೋಫಾದ ಕೆಳಗೆ ಒಂದು ಕಾಲುಚೀಲ ಸಿಕ್ಕಿತು. ಒಗೆಯಲಿಲ್ಲ. ಕಳಿಸಬೇಕು, ಇನ್ನೊಂದು ಅಲ್ಲಿ ಒಂಟಿಯಾಗಿರುತ್ತದೆ. ನಾಳೆ ಕಳಿಸುತ್ತೇನೆ.

ಬೆಳಿಗ್ಗೆ ಆರಕ್ಕೆ ಎದ್ದು ಓಟ್ಸ್ ಒಲೆಯ ಮೇಲಿಟ್ಟಿದ್ದೆ. ಆರಿನ್ ಏನೂ ಹೇಳದೆ ಕೂತು ಎರಡು ಬಟ್ಟಲು ತಿಂದ. ಅವನಿಗೆ ಓಟ್ಸ್ ಆಗುವುದಿಲ್ಲ.

ಕರ್ತನೇ, ನೀನು ಹೇಳಿದ್ದನ್ನು ಮಾಡಿದೆ. ಅವಳ ತಲೆಯ ವಾಸನೆ ಇನ್ನೂ ದಿಂಬಿನಲ್ಲಿದೆ. ಇದನ್ನೇನು ಮಾಡಲಿ?

ಏಪ್ರಿಲ್ 15, ಶನಿವಾರ

ಬೆಳಿಗ್ಗೆ ಹನ್ನೊಂದಕ್ಕೆ ರೋಂಡಾಳ ಫೋನ್. ಹಿಂದೆ ಲೇಸಿಯ ಅಳು ಕೇಳುತ್ತಿತ್ತು. ನಾನು ಗೋಡೆ ಹಿಡಿದುಕೊಂಡೆ.

"ಎರಡು ದಿನದಿಂದ ಹೀಗೇ ವರ್ನಾ. ಬಾಗಿಲ ಹತ್ರ ಹೋಗಿ ನಿಲ್ತಾಳೆ. ತಿನ್ನಲ್ಲ, ಮಲಗಲ್ಲ. ನನ್ನ ಮುಟ್ಟಿಸ್ಕೊಳಲ್ಲ. ಒಂದು ತಿಂಗಳು ನೀವು ಬರೋದು ಬೇಡ, ಮಗು ಹೊಂದ್ಕೊಳ್ಳಲಿ ಅಂತ ಕಚೇರಿಯವ್ರು ಅಂದಿದ್ರು. ಮಿಸೆಸ್ ಕಿಟಲ್‌ಸನ್‌ಗೆ ಮನೆಗೇ ಫೋನ್ ಮಾಡಿ ಈಗ ಕೇಳಿದೆ. ತಾಯಿ ನಾನು ಕರೆದ್ರೆ ಬರಬಹುದಂತೆ. ಕರೀತಿದೀನಿ. ಬರ್ತೀರಾ?" ದನಿ ತಗ್ಗಿಸಿ, "ನಂಗೆ ಭಯ ಆಗ್ತಿದೆ. ಆ ಹಳೇ ಭಯ, ಕುಡಿತಕ್ಕೆ ಎಳೆಯೋದು" ಎಂದಳು.

ನಲವತ್ತು ಮೈಲಿ ಹೇಗೆ ಕಳೆಯಿತೋ ನೆನಪಿಲ್ಲ.

ಬಾಗಿಲು ತೆರೆದಾಗ ಲೇಸಿ ನನ್ನ ಕಾಲಿಗೆ ಬಂದು ಬಡಿದಳು. ಎತ್ತಿಕೊಂಡೆ. ಕಣ್ಣೀರು ಮೂಗಿನ ನೀರು ಎಲ್ಲ ನನ್ನ ಕುತ್ತಿಗೆಗೆ. ಎಂಟು ದಿನ ಇದಕ್ಕೇ ಹಂಬಲಿಸಿದ್ದೆ. ನೆಲದ ಮೇಲೆ ಕೂತು ಅವಳನ್ನು ಹಾಗೆಯೇ ಒತ್ತಿಕೊಂಡೆ, ಎಷ್ಟು ಹೊತ್ತೋ. ಅಳು ನಿಂತಿತು.

ತಲೆಯೆತ್ತಿ ನೋಡಿದರೆ ರೋಂಡಾ ನಮ್ಮ ಕಡೆ ಬೆನ್ನು ಮಾಡಿ, ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

"ರೋಂಡಾ, ನಲ್ಲಿ ನಿಲ್ಸು. ಬಾ ಇಲ್ಲಿ."

"ನಿಮ್ಮ ಹತ್ರಾನೇ ಇರ್ಲಿ. ನನ್ನ ಹತ್ರ ಬಂದ್ರೆ ಮತ್ತೆ ಅಳ್ತಾಳೆ."

"ಅಳ್ಲಿ. ನಾನಿದೀನಲ್ಲ. ಬಾ ಕೂತ್ಕೋ."

ಬಂದು ಪಕ್ಕದಲ್ಲಿ ಕೂತಳು. ಮೂವರೂ ಒಲೆಯ ಎದುರು ನೆಲದ ಮೇಲೆ. ನಾನು ಮಾತಾಡುತ್ತಲೇ ಇದ್ದೆ. ಹಿಮ ಕರಗಿ ಅಂಗಳವೆಲ್ಲ ಕೆಸರಾದದ್ದು, ಅಲ್ಮಾ ಅತ್ತೆ ಪಾಸ್ಟರ್‌ಗೇ ಪ್ರಸಂಗ ಉದ್ದವಾಯಿತು ಎಂದದ್ದು, ಏನೇನೋ. ಮಾತಾಡುತ್ತ ಮಗುವಿನ ಕಾಲನ್ನು ಅವಳ ತೊಡೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಸೊಂಟ. ಲೇಸಿ ಒಮ್ಮೆ ಮುಖ ಕಿವುಚಿದಳು. ರೋಂಡಾ ಉಸಿರೇ ಬಿಡಲಿಲ್ಲ. ಕೊನೆಗೆ ತಲೆಯನ್ನೂ ನನ್ನ ತೋಳಿನಿಂದ ಸರಿಸಿ ಅವಳ ತೋಳಿಗೆ ಕೊಟ್ಟೆ. ನನ್ನ ತೋಳು ಇದ್ದಕ್ಕಿದ್ದಂತೆ ತಣ್ಣಗಾಯಿತು.

ನಿದ್ದೆ ಬಂತು ಮಗುವಿಗೆ. ಎರಡು ದಿನದ ನಿದ್ದೆ.

ಅರ್ಧ ಗಂಟೆ ಕಳೆದಿರಬೇಕು. ರೋಂಡಾ ಪಿಸುಗುಟ್ಟಿದಳು. "ವರ್ನಾ, ಕಾಲು ಜೋಮು ಹಿಡೀತಿದೆ. ಏನ್ಮಾಡ್ಲಿ?"

"ಅಲ್ಲಾಡ್ಬೇಡ."

"ಎಷ್ಟೊತ್ತು?"

"ಅವಳಾಗೇ ಏಳೋವರ್ಗೂ."

ಅವಳು ತಲೆಯಾಡಿಸಿದಳು. ಗೋಡೆಗೆ ಒರಗಲು ಬೆನ್ನಿಗೊಂದು ದಿಂಬು ಕೊಟ್ಟೆ. ಕಾಫಿ ಮಾಡಿ ಕೈಗೆಟಕುವ ಹಾಗೆ ಇಟ್ಟೆ. ಲೇಸಿ ಏಳುವ ಮುಂಚೆ ಹೊರಡಬೇಕಿತ್ತು. ಎದ್ದಾಗ ಅವಳು ಮೊದಲು ನೋಡುವ ಮುಖ ನನ್ನದಾಗಬಾರದು. ಬೂಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಕೆಳಗೆ ಕೂತು ಹಾಕಿಕೊಂಡೆ. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದಾಗ ಆರಿನ್ ಹೊಸಿಲಲ್ಲೇ ನಿಂತಿದ್ದ.

"ಹೇಗಿದಾಳೆ?"

"ಕಾಲು ಜೋಮು ಹಿಡಿದು ಒದ್ದಾಡ್ತಿದಾಳೆ ಪಾಪ" ಎಂದೆ. "ಆದ್ರೂ ಅಲ್ಲಾಡಲ್ಲ ನೋಡು, ಗಟ್ಟಿ ಹುಡುಗಿ. ಬೆಳಿಗ್ಗೆಯಿಂದ ಏನೂ ತಿಂದ ಹಾಗಿರ್ಲಿಲ್ಲ. ಸೋಮವಾರ ಏನಾದ್ರೂ ಮಾಡಿ ಕಳಿಸ್ಬೇಕು."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ನಾನು ಕೇಳಿದ್ದು ಲೇಸೀನ."

"ಓ, ಲೇಸಿ" ಎಂದೆ. "ಮಲಗಿದಾಳೆ. ಅವರಮ್ಮನ ಹತ್ರ."